ಅಂಗಡಿಯ ಕಾಟಾ, ಮೈದಾನದ ಕಾಟಾ

ನನ್ನ ಮಗ ತಿಂಗಳು ತುಂಬುವ ಮೊದಲೇ ಹುಟ್ಟಿದವನು. ಎತ್ತಿಕೊಂಡವರೆಲ್ಲ ಕೂಸು ಬಾಳ ಹಗುರ ಅದ ಎನ್ನುತ್ತಿದ್ದರು. ಕೇಳಿ ಕೇಳಿ ನನಗೆ ರೋಸಿಹೋಗಿತ್ತು. ಅವನ ಮೈಗೆ ಒಂದಿಷ್ಟು ಮಾಂಸ ಹತ್ತಿಸುವುದೇ ನನ್ನ ಹಟವಾಯಿತು. ತುಪ್ಪ, ಹಾಲು, ಶೇಂಗಾ ಹಿಂಡಿ ಯಾವುದನ್ನೂ ಬಿಡಲಿಲ್ಲ. ಅವನೋ ತಿಂದದ್ದು ಎಲ್ಲಿ ಹೋಗುತ್ತದೆಯೋ ಗೊತ್ತಾಗದ ಹಾಗೆ ಕಡ್ಡಿಯಂತೆಯೇ ಬೆಳೆದ. ಶಹಾಪುರದಲ್ಲಿ ನಮ್ಮದು ಕಾಳಿನ ಅಂಗಡಿ. ಕಾಳಿನ ವ್ಯಾಪಾರಿಯ ಮಗನೇ ಹೀಗಾದರೆ ಹೇಗೆ ಎಂದು ಓಣಿಯ ಹೆಂಗಸರು ನನ್ನೆದುರೇ ನಗುತ್ತಿದ್ದರು.

ಎಂಟನೆಯ ತರಗತಿಯಲ್ಲಿ ಅವನು ಕಬಡ್ಡಿ ತಂಡಕ್ಕೆ ಸೇರಿದಾಗ ನಾನು ಶಾಲೆಗೇ ಹೋಗಿ ಜಗಳ ತೆಗೆದೆ. ಪಿ.ಟಿ. ಮಾಸ್ತರರು ತಾಳ್ಮೆಯಿಂದ ಕೇಳಿ, ಹೈಸ್ಕೂಲ್ ಕಬಡ್ಡಿಯಲ್ಲಿ ತೂಕಕ್ಕೆ ಮಿತಿ ಇದೆ, ಮೀರಿದವರನ್ನು ಅಂಕಣಕ್ಕೇ ಬಿಡುವುದಿಲ್ಲ, ನಮಗೆ ಬೇಕಾದದ್ದು ಇಂಥ ಹುಡುಗನೇ ಎಂದರು. ನನ್ನ ಮಗ ಬಡಕಲಾಗಿರುವುದು ಒಳ್ಳೆಯದೆಂದು ಹೇಳಿದ ಮೊದಲ ಮನುಷ್ಯ ಅವರು. ನಾನು ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ.

ಆಮೇಲೆ ಅವನ ಒಂದು ಆಟವನ್ನೂ ನಾನು ತಪ್ಪಿಸಲಿಲ್ಲ. ಬೇವಿನ ನೆರಳಲ್ಲಿ ನನ್ನದೊಂದು ಜಾಗ. ಅವನು ಕಬಡ್ಡಿ ಕಬಡ್ಡಿ ಎನ್ನುತ್ತ ಎದುರಿನವರ ಅಂಕಣಕ್ಕೆ ನುಗ್ಗಿದ ಕೂಡಲೇ ಇಲ್ಲಿ ನನ್ನ ಉಸಿರು ನಿಲ್ಲುತ್ತಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತುಬಿಡುತ್ತಿದ್ದೆ. ಅವನು ಗೆರೆ ಮುಟ್ಟಿ ಹೊರಳಿದ ಮೇಲೆಯೇ ಜೀವ ಬರುತ್ತಿದ್ದುದು. ಎಷ್ಟೋ ಸಲ ಅವನಿಗಿಂತ ಹೆಚ್ಚು ಏದುಸಿರು ನನಗೇ ಬಂದಿದೆ.

ಹೀಗೆ ಎರಡು ವರ್ಷ ಕಳೆದು ಹತ್ತನೆಯ ತರಗತಿ ಬಂತು. ಈ ತಂಡಕ್ಕೆ ಇದೇ ಕೊನೆಯ ವರ್ಷ. ಒಬ್ಬನಿಗೆ ಐಟಿಐ ಓದಿ ಕಡೇಚೂರಿನ ಕಾರ್ಖಾನೆ ಸೇರುವಾಸೆ, ಇನ್ನೊಬ್ಬನನ್ನು ಕಕ್ಕೇರಾದ ಸೋದರಮಾವ ಕಾಲೇಜಿಗೆ ಕರೆಸಿಕೊಳ್ಳುವವನು. ನನ್ನ ಮಗನಿಗೂ ಕಲಬುರಗಿಯಲ್ಲಿ ವಿಜ್ಞಾನ ಓದಿಸುವುದೆಂದು ಮನೆಯಲ್ಲಿ ನಿರ್ಧಾರವಾಗಿತ್ತು. ಮತ್ತೆ ಒಟ್ಟಿಗೆ ಆಡುವುದಿಲ್ಲವೆಂದು ಹುಡುಗರಿಗೆ ಗೊತ್ತಿತ್ತು. ಅದಕ್ಕೇ ಆ ವರ್ಷ ಒಬ್ಬರನ್ನೊಬ್ಬರು ಬಿಟ್ಟು ಚಹಾ ಕೂಡ ಕುಡಿಯುತ್ತಿರಲಿಲ್ಲ.

ಸರಿಯಾಗಿ ಆ ವರ್ಷವೇ ಅವನ ಮೈ ನನ್ನ ಮೊರೆ ಕೇಳಿಸಿಕೊಂಡಿತು. ಹೆಗಲು ಅಗಲವಾದವು, ಅಂಗಿಯ ಗುಂಡಿ ಹಾಕಲು ಬಾರದಾಯಿತು. ತಾಲೂಕು ಮಟ್ಟದ ಆಟದಲ್ಲಿ ತೂಕ ಕೂದಲೆಳೆಯ ಅಂತರದಲ್ಲಿ ಪಾಸಾಯಿತು, ತಂಡ ಗೆದ್ದಿತು. ಇನ್ನು ಯಾದಗಿರಿಯಲ್ಲಿ ಜಿಲ್ಲಾ ಮಟ್ಟ. ನಡುವೆ ಪಂಚಮಿ ಹಬ್ಬ. ನಮ್ಮ ಕಡೆ ಪಂಚಮಿ ಎಂದರೆ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಎಲ್ಲ ಕಟ್ಟಿ ಡಬ್ಬಿ ತುಂಬಿಸಿದೆ. ಅವನು ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ ಮತ್ತೆ ಮುಚ್ಚಿಡುತ್ತಿದ್ದ. ಒಂದು ರೊಟ್ಟಿ ಉಂಡು ಕೈ ತೊಳೆಯುತ್ತಿದ್ದ. ನಾನು ಅತ್ತೆ, ಬೈದೆ, ತಾಟು ಕುಕ್ಕಿದೆ. ಇಷ್ಟು ವರ್ಷ ಕಾದು ಪಡೆದ ಮೈಯನ್ನು ಈ ಹುಡುಗ ಕಣ್ಣೆದುರೇ ಕರಗಿಸುತ್ತಿದ್ದಾನಲ್ಲ ಎಂದು ಸಂಕಟವಾಗುತ್ತಿತ್ತು.

ದಿನಾ ಸಂಜೆ ಅಂಗಡಿಗೆ ಹೋಗಿ ಚೀಲ ತೂಗುವ ಕಾಟಾದ ಮೇಲೆ ನಿಂತು ಬರುವುದು ಅವನ ರೂಢಿ. ಎಷ್ಟು ಓಡಿದರೂ ತೂಕ ಮಿತಿಯ ಆಚೀಚೆಯೇ ಆಡುತ್ತಿತ್ತು. ಹೆಸರುಕಾಳಿನ ಸುಗ್ಗಿ ಶುರುವಾದ ವಾರ ಒಮ್ಮೆಲೇ ಒಂದು ಕಿಲೋ ಕಡಿಮೆ ಬಂತು. ಓಡಿದ್ದಕ್ಕೆ ಇಳಿಯಿತೆಂದು ಕುಣಿಯುತ್ತ ಮನೆಗೆ ಬಂದ. ಜಿಲ್ಲಾ ಆಟದ ಹಿಂದಿನ ದಿನವೂ ಕಾಟಾ ಅದನ್ನೇ ಹೇಳಿತು. ನಮ್ಮ ಮನೆಯವರು ರಾತ್ರಿ ಅಂಗಡಿ ಮುಚ್ಚಿ ಬಂದವರೇ ಹೇಳಿದರು:

“ಹೊಟ್ಟಿ ತುಂಬ ಉಣಸು ಅವನಿಗಿ. ಇನ್ನಾ ಜಾಗ ಅದ.”

ನನಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಬಿಸಿ ರೊಟ್ಟಿ, ಪುಂಡಿ ಪಲ್ಯ, ಕೆನೆಮೊಸರು, ಉಂಡಿ. ಬೆಳಿಗ್ಗೆ ಎದ್ದು ಮಂಡಕ್ಕಿ ಸುಸಲಾ. ಅವನು ತಲೆ ಎತ್ತದೆ ತಿಂದ. ಹಣೆಗೆ ವಿಭೂತಿ ಹಚ್ಚಿ ತಂಡದ ಕ್ರೂಸರ್ ಗಾಡಿ ಹತ್ತಿಸಿದೆ. ಬುತ್ತಿ ಕಟ್ಟಿಕೊಂಡು ನಾನು ಹಿಂದಿನ ಬಸ್ಸಿಗೆ ಹೊರಟೆ.

ಯಾದಗಿರಿಯ ಮೈದಾನ ಮುಟ್ಟಿದಾಗ ಹುಡುಗರು ಚಡ್ಡಿಯಲ್ಲಿ ಸಾಲು ನಿಂತಿದ್ದರು. ನಾನು ತೂಕದ ಕೋಣೆಯ ಬಾಗಿಲಲ್ಲಿ ನಿಂತೆ. ನನ್ನ ಮಗ ಕಾಟಾ ಹತ್ತಿದ. ತೂಗುವವರು ಅಂಕಿ ನೋಡಿ, ಅವನ ಮುಖ ನೋಡಿ, ಮುಕ್ಕಾಲು ಕಿಲೋ ಹೆಚ್ಚಿದೆ ಎಂದರು.

ಹೇಳಲು ನಾಚಿಕೆಯಾಗುತ್ತದೆ, ಆ ಮಾತು ಕಿವಿಗೆ ಬಿದ್ದಾಗ ನನಗೆ ಮೊದಲು ಆದದ್ದು ಸಂತೋಷ. ನನ್ನ ಕೂಸು ಕೊನೆಗೂ ತೂಕಕ್ಕೆ ಬಂತು ಎಂಬ ಸಂತೋಷ. ಅದಾದ ಮೇಲೆ ಅವನ ಮುಖ ಕಂಡಿತು.

ಕಾಟಾ ಸರಿಯಿಲ್ಲ ಎಂದು ನಾನೇ ಮೊದಲು ದನಿ ಎತ್ತಿದೆ. ಬೇರೆ ಹುಡುಗನನ್ನು ನಿಲ್ಲಿಸಿ ತೋರಿಸಿದರು, ಸರಿಯಾಗಿಯೇ ಇತ್ತು. ಮನೆಯವರಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈದೆ. ಅವರು ಎದ್ದು ಹೋಗಿ ಕಾಟಾ ನೋಡಿ ಬಂದರು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು:

“ಸುಗ್ಗಿಗಿ ಖಾಲಿ ಚೀಲದ ತೂಕ ಕಳೀಲಾಕ ಹಚ್ಚಿದ್ದೆ. ಅದು ಹಂಗೇ ಉಳದದ.”

ಸುಗ್ಗಿಯಲ್ಲಿ ದಿನವಿಡೀ ಚೀಲ ತೂಗುತ್ತಾರೆ. ಪ್ರತಿ ಸಲ ಲೆಕ್ಕ ಹಾಕುವ ತಾಪತ್ರಯ ಬೇಡವೆಂದು ಖಾಲಿ ಚೀಲದ ತೂಕವನ್ನು ಕಾಟಾವೇ ಕಳೆಯುವಂತೆ ಇಟ್ಟಿರುತ್ತಾರೆ. ಹೆಸರುಕಾಳಿಗೆ ಕಳೆದದ್ದನ್ನು ಅದು ನನ್ನ ಮಗನಿಗೂ ಕಳೆದಿತ್ತು. ಆ ಅಂಕಿಯನ್ನು ಮೂವರೂ ನಂಬಬೇಕೆಂದಿದ್ದೆವು, ನಂಬಿದೆವು.

ಮೊದಲ ಆಟ ಶುರುವಾಗುವವರೆಗೆ ಮತ್ತೊಮ್ಮೆ ತೂಗಿಸಲು ಅವಕಾಶವಿತ್ತು. ಬೆವರಿ ತೂಕ ಇಳಿಯಲೆಂದು ಹುಡುಗರು ತಮ್ಮ ಅಂಗಿಗಳನ್ನೆಲ್ಲ ಅವನಿಗೇ ತೊಡಿಸಿದರು. ಅವನು ಮೈದಾನ ಸುತ್ತತೊಡಗಿದ. ಬಿಸಿಲಲ್ಲಿ ತಂಡವೆಲ್ಲ ಅವನ ಜೊತೆ ಓಡಿತು. ಸಾಕು, ನೀವು ಆಡಬೇಕಾದವರು ಎಂದು ಮಾಸ್ತರರು ಗದರಿದರೂ ಒಬ್ಬನೂ ನಿಲ್ಲಲಿಲ್ಲ. ಕೂದಲು ತೆಗೆಸಿದರೆ ಹೇಗೆ ಎಂದು ಯಾರೋ ಅಂದರು. ಅಪ್ಪ ಗಟ್ಟಿಯಾಗಿರುವ ಹುಡುಗನ ತಲೆ ಬೋಳಿಸುವುದೆಂದರೆ ನಮ್ಮಲ್ಲಿ ಹೆಂಗಸರು ಕಿವಿ ಮುಚ್ಚಿಕೊಳ್ಳುತ್ತಾರೆ. ಎಲ್ಲರೂ ನನ್ನ ಮುಖ ನೋಡಿದರು. ಬೋಳಿಸ್ರಿ ಎಂದೆ. ಉಣ್ಣಿಸಿ ಉಣ್ಣಿಸಿ ಸಾಕಾದ ಈ ಕೈಗಳಿಂದಲೇ ಅವನ ಅಂಗಿಗಳನ್ನು ಹಿಂಡಿ ಬೆವರು ತೆಗೆದೆ. ದೇವರೇ, ಒಂದು ತುತ್ತಿನಷ್ಟು ಇಳಿಸು ಎಂದು ಬೇಡಿಕೊಂಡೆ.

ಎರಡನೆಯ ಸಲ ಅವನು ಬೋಳು ತಲೆಯಲ್ಲಿ ಕಾಟಾದ ಮೇಲೆ ನಿಂತ. ಇಳಿದಿತ್ತು, ಸಾಕಾಗುವಷ್ಟಲ್ಲ. ತೂಗುವವರು ಬಹಳ ಹೊತ್ತು ಅಂಕಿಯನ್ನೇ ನೋಡಿದರು. ಮುಂದಿನ ವರ್ಷ ಎಂದು ಏನೋ ಹೇಳಹೋಗಿ, ಪಟ್ಟಿಯಲ್ಲಿ ಹತ್ತನೆಯ ತರಗತಿ ಎಂಬುದು ಕಣ್ಣಿಗೆ ಬಿದ್ದು ಅಲ್ಲಿಗೇ ನಿಲ್ಲಿಸಿದರು.

ಅವನು ತನ್ನ ಅಂಕಿಯಿದ್ದ ಅಂಗಿಯನ್ನು ಬದಲಿ ಆಟಗಾರನಿಗೆ ಕೊಟ್ಟು ನನ್ನ ಕಡೆ ನಡೆದು ಬಂದ. ನಾನು ಅಂದು ಕೂತದ್ದೂ ಒಂದು ಬೇವಿನ ಕೆಳಗೇ.

“ಬುತ್ತಿ ತಗಿ ಅವ್ವಾ. ಹಸುವ ಆಗ್ಯಾದ.”

ಬುತ್ತಿ ಬಿಚ್ಚಿದೆ. ಎದುರಿಗೆ ಸುರಪುರ ತಾಲೂಕಿನ ತಂಡ. ಸೋತರೆ ನಮ್ಮವರ ವರ್ಷ ಅಂದೇ ಮುಗಿಯುತ್ತಿತ್ತು. ಅವನು ರೊಟ್ಟಿ ಮುರಿಯುತ್ತ ನನಗೆ ಆಟ ವಿವರಿಸಿದ, ಆ ಮೂಲೆಯವನು ಕಾಲು ಹಿಡಿಯುತ್ತಾನೆ, ಈ ಎಡಚ ಹುಸಿ ಹೆಜ್ಜೆ ಇಡುತ್ತಾನೆ ಎಂದು. ಮೂರು ವರ್ಷ ನೋಡಿಯೂ ನನಗೆ ಇದಾವುದೂ ತಿಳಿದಿರಲಿಲ್ಲ. ನಾನು ನೋಡುತ್ತಿದ್ದುದು ಅವನೊಬ್ಬನನ್ನೇ.

ಕೊನೆಗೆ ಒಂದೇ ಅಂಕದಿಂದ ಹಿಂದಿದ್ದೆವು. ಕಡೆಯ ದಾಳಿಗೆ ಅವನ ಜೀವದ ಗೆಳೆಯ ಹೊರಟ. ಗೆಳೆಯ ಗೆರೆ ದಾಟಿದ ಕೂಡಲೇ ನನ್ನ ಪಕ್ಕದ ಮಾತು ನಿಂತಿತು. ತಿರುಗಿ ನೋಡಿದೆ. ತುತ್ತು ಬಾಯಿಯಲ್ಲೇ ಇದೆ, ದವಡೆ ಆಡುತ್ತಿಲ್ಲ. ನನ್ನ ಸೆರಗಿನ ತುದಿ ಅವನ ಮುಷ್ಟಿಯಲ್ಲಿದೆ. ಉಸಿರು ಹಿಡಿದಿದ್ದಾನೆ.

ಗೆಳೆಯ ಸಿಕ್ಕಿಬಿದ್ದ. ಸೀಟಿ ಆಯಿತು. ನನ್ನ ಮಗ ದೀರ್ಘವಾಗಿ ಉಸಿರು ಬಿಟ್ಟು, ತುತ್ತು ನುಂಗಿ, ನನ್ನತ್ತ ನೋಡಿದ.

“ನೀ ಪ್ರತಿ ಸಲ ಹಿಂಗೇ ಕೂಡ್ತಿದ್ದೇನವ್ವ?”

ಹೌದು ಎಂದೆ.

“ಆಡೋದೇ ಸುಲಭ ಅದ ಬಿಡು.”

ಹಾಗೆಂದವನು ಉಳಿದ ರೊಟ್ಟಿಯನ್ನೆಲ್ಲ ಬಟ್ಟೆಯಲ್ಲಿ ಸುತ್ತಿಕೊಂಡು, ಅಂಕಣದಲ್ಲಿ ಬಿದ್ದು ಅಳುತ್ತಿದ್ದ ಗೆಳೆಯರ ಕಡೆ ಓಡಿದ.