ಒಂದು ನೂಲಿಗೆ ಕೂದಲೆಳೆ ಕಡಿಮೆ

೧೯೬೭ರ ಜನವರಿ. ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳಿಗೆ ಸೇರಿಸಿ ತೀರ್ಥಹಳ್ಳಿಯಲ್ಲಿ ಬಿಲ್ಲುಗಾರಿಕೆ ಸ್ಪರ್ಧೆ ಏರ್ಪಾಡಾಗಿತ್ತು. ಮೊದಲ ಇಬ್ಬರಿಗೆ ಬೆಂಗಳೂರಿನ ಕೂಟಕ್ಕೆ ಹೋಗುವ ಅವಕಾಶವಿತ್ತು. ಆಗ ನನಗೆ ಹತ್ತೊಂಬತ್ತು ವರ್ಷ. ಸಾಗರದಲ್ಲಿ ಕಾಲೇಜು ಓದುತ್ತಿದ್ದೆ. ಹೆಂಗಸರ ವಿಭಾಗಕ್ಕೆ ಹೆಸರು ಕೊಟ್ಟವಳು ನಾನೊಬ್ಬಳೇ ಆದ್ದರಿಂದ ಗಂಡಸರ ಜೊತೆಯಲ್ಲೇ ಸ್ಪರ್ಧಿಸಬೇಕೆಂದು ಸಂಘಟಕರು ಕಾರ್ಡು ಬರೆದಿದ್ದರು.

ಅಮ್ಮ ಕಾರ್ಡು ಓದಿಸಿಕೊಂಡು ಹೇಳಿದ್ದು ಇಷ್ಟೇ: "ಇದೊಂದ್ ಸಲ ಹೋಗು. ಆರಿಸಿದ್ರೆ ಬೆಂಗ್ಳೂರಿಗೂ ಹೋಗು, ನಾ ಬೇಡ ಅನ್ನಲ್ಲ. ಆರಿಸ್ಲಿಲ್ಲ ಅಂದ್ರೆ ಬಿಲ್ಲು ಮೇಷ್ಟ್ರಿಗೆ ಕೊಟ್ಟು ಬಾ. ಆಮೇಲೆ ಅದ್ರ ಸುದ್ದಿ ಬೇಡ." ಅಮ್ಮ ಆಡಿದ ಮಾತು ಬದಲಿಸುವವಳಲ್ಲ.

ಬಿಲ್ಲು ನಮ್ಮ ಡ್ರಿಲ್ ಮೇಷ್ಟ್ರದ್ದು. ಸೈನ್ಯದಿಂದ ನಿವೃತ್ತರಾಗಿ ಬಂದಾಗ ತಂದಿದ್ದರು. ಗುರಿ ಹಿಡಿಯಲು ಅದಕ್ಕೆ ಏನೂ ಇರಲಿಲ್ಲ. ಪುಣೆಯಲ್ಲಿ ತಾವು ಕಂಡಿದ್ದ ಒಂದು ಸಾಧನದ ಚಿತ್ರವನ್ನು ಅವರು ಹಾಳೆಯ ಮೇಲೆ ಬರೆದು ಕೊಟ್ಟರು. ಅದನ್ನು ನೋಡಿ ಮಾಡಿಕೊಟ್ಟವನು ನನ್ನ ತಂದೆ, ಅಪ್ಪಯ್ಯ. ಅಪ್ಪಯ್ಯನದು ಗುಡಿಗಾರರ ಕೆಲಸ, ಅಂದರೆ ಶ್ರೀಗಂಧದ ಕೆತ್ತನೆ. ಒಂದು ಗೇಣು ಉದ್ದದ ಹಿತ್ತಾಳೆ ಪಟ್ಟಿಯ ನಡುವೆ ಸೀಳು ಬಿಡಿಸಿ, ಅದರಲ್ಲಿ ಮೇಲೆ ಕೆಳಗೆ ಜಾರುವ ಒಂದು ಮೊಳೆ ಕೂರಿಸಿ, ಬಿಗಿ ಮಾಡಲು ತಿರುಪು ಹಾಕಿದ. ಪಟ್ಟಿಯನ್ನು ಬಿಲ್ಲಿಗೆ ಕಟ್ಟಿ, ಮೊಳೆಯ ತುದಿಯನ್ನು ಗುರಿಗೆ ಹೊಂದಿಸಿ ಬಾಣ ಬಿಡಬೇಕು. ಅದನ್ನು ನಾವು ಗುರಿಪಟ್ಟಿ ಎಂದು ಕರೆದೆವು.

ಅದಕ್ಕೆ ದೂರಗಳನ್ನು ಗುರುತು ಮಾಡುವ ಕೆಲಸ ನನ್ನದು. ಹತ್ತಿರದ ಗುರಿಗೆ ಮೊಳೆ ಮೇಲಿರಬೇಕು, ದೂರದ್ದಕ್ಕೆ ಕೆಳಗಿಳಿಯಬೇಕು. ಮೊದಲು ಇಪ್ಪತ್ತು ಮೀಟರಿನಲ್ಲಿ ನಿಂತು ಹೊಡೆಯುವುದು. ಬಾಣ ಗುರಿಗಿಂತ ಮೇಲೆ ಹೋದರೆ ಮೊಳೆಯನ್ನೂ ಮೇಲೆ ಸರಿಸುವುದು, ಕೆಳಗೆ ಬಿದ್ದರೆ ಕೆಳಗೆ. ಬಾಣಗಳೆಲ್ಲ ನಡುವಿನ ಹಳದಿ ವೃತ್ತಕ್ಕೆ ಬಂದು ಕೂತ ಮೇಲೆ, ಪಟ್ಟಿಗೆ ಅಂಟಿಸಿದ ಕಾಗದದ ಮೇಲೆ ಪೆನ್ಸಿಲ್ ಗೆರೆ ಎಳೆಯುವುದು. ಆಮೇಲೆ ಮೂವತ್ತು, ನಲವತ್ತು, ಐವತ್ತು. ನಾಲ್ಕು ಗೆರೆಗಳಿಗೆ ನನಗೆ ಎರಡು ವಾರ ಹಿಡಿಯಿತು. ಕೆಳಕ್ಕೆ ಬಂದಂತೆ ಗೆರೆಗಳ ನಡುವಿನ ಅಂತರ ಹೆಚ್ಚುತ್ತ ಹೋಗಿತ್ತು. ದೂರ ಹೋದಷ್ಟೂ ಬಾಣದ ವೇಗ ಕುಗ್ಗಿ ಅದು ಹೆಚ್ಚು ಇಳಿಯುತ್ತದೆ, ಹಾಗಾಗಿ ಅದು ಸರಿಯೇ ಎಂದು ಮೇಷ್ಟ್ರು ಹೇಳಿದ್ದರು. ಈ ಮಾತನ್ನು ನಾನು ಅಪ್ಪಯ್ಯನಿಗೆ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ.

ಹೊರಡುವ ಹಿಂದಿನ ದಿನ ಅಪ್ಪಯ್ಯ, "ಪೆನ್ಸಿಲ್ ಗೆರೆ ಬೆವರಿಗೆ ಅಳ್ಸಿ ಹೋಗತ್ತೆ. ಹಿತ್ತಾಳೆ ಮೇಲೇ ಕೊರ್ದು ಕೊಡ್ತೀನಿ" ಎಂದು ಪಟ್ಟಿ ತೆಗೆದುಕೊಂಡ. ಸಂಜೆ ಕೈಗೆ ಬಂದಾಗ ಅದು ಒಡವೆಯಂತೆ ಕಾಣುತ್ತಿತ್ತು. ಪ್ರತಿ ಗೆರೆಯ ಪಕ್ಕ ಪುಟ್ಟ ಅಂಕಿ, ತುದಿಗೊಂದು ಸಣ್ಣ ಬಳ್ಳಿ. ಮತ್ತೆ ಹೊಡೆದು ನೋಡಲು ಹೊತ್ತು ಇರಲಿಲ್ಲ. ಮರುದಿನ ಬೆಳಗ್ಗೆ ನಾವಿಬ್ಬರೂ ಹೊಸನಗರದ ಮೇಲೆ ಹೋಗುವ ಬಸ್ಸು ಹತ್ತಿದೆವು.

ಮೈದಾನದಲ್ಲಿ ಒಟ್ಟು ಹದಿನಾಲ್ಕು ಮಂದಿ ಸ್ಪರ್ಧಿಗಳಿದ್ದೆವು. ನನ್ನ ಪಕ್ಕದಲ್ಲಿ ನಿಂತವನು ರಜೆಯ ಮೇಲೆ ಊರಿಗೆ ಬಂದಿದ್ದ ಹೊಸನಗರದ ಒಬ್ಬ ಯುವ ಸೈನಿಕ. ಅವನ ಬಿಲ್ಲಿನಲ್ಲಿ ಪಟ್ಟಿಯೂ ಇಲ್ಲ, ಮೊಳೆಯೂ ಇಲ್ಲ. ನನ್ನದನ್ನು ನೋಡಿ, "ಏನಕ್ಕಾ, ಬಿಲ್ಲಿಗೂ ಒಡವೆ ಹಾಕ್ಕಂಡ್ ಬಂದಿದೀರಿ?" ಎಂದ. ನಾಲ್ಕಾರು ಜನ ನಕ್ಕರು. ನಾನು ಮೊಳೆಯನ್ನು ಐವತ್ತರ ಗೆರೆಗೆ ಇಳಿಸಿದೆ.

ಐವತ್ತು, ನಲವತ್ತು, ಮೂವತ್ತು ಮೀಟರ್, ಪ್ರತಿ ದೂರದಿಂದಲೂ ಹನ್ನೆರಡು ಬಾಣ. ಮೂರು ಮೂರರಂತೆ ನಾಲ್ಕು ಸರದಿ. ಐವತ್ತರಲ್ಲಿ ನನ್ನ ಬಾಣಗಳು ಹಳದಿ, ಅದರ ಸುತ್ತಿನ ಕೆಂಪು ಬಿಟ್ಟು ಆಚೆ ಹೋಗಲಿಲ್ಲ. ಆ ದೂರ ಮುಗಿದಾಗ ನಾನು ಎರಡನೆಯವಳು.

ನಲವತ್ತಕ್ಕೆ ಬಂದೆವು. ಮೊಳೆಯನ್ನು ಗೆರೆಗೆ ತಂದು ತಿರುಪು ಬಿಗಿ ಮಾಡಿ ಹೊಡೆದೆ. ಮೂರು ಬಾಣವೂ ಹಳದಿಯಿಂದ ಒಂದು ಗೇಣಿನಷ್ಟು ಮೇಲೆ, ಕಪ್ಪು ವೃತ್ತದಲ್ಲಿ. ಒಂದೇ ಸರದಿಯಲ್ಲಿ ಎರಡನೇ ಸ್ಥಾನದಿಂದ ಆರನೆಯದಕ್ಕೆ ಇಳಿದೆ.

"ಒಡವೆ ಭಾರ ಜಾಸ್ತಿ ಆಯ್ತೇನೋ" ಎಂದ ಸೈನಿಕ.

ಬಾಣ ಕೀಳಲು ಗುರಿಹಲಗೆಯ ಬಳಿ ಹೋದೆ. ಕೈ ನಡುಗಿದ್ದರೆ ಬಾಣಗಳು ಚೆಲ್ಲಾಪಿಲ್ಲಿ ಆಗಬೇಕಿತ್ತು. ಮೂರೂ ಒಂದು ಅಂಗೈ ಅಗಲದೊಳಗೆ ಇದ್ದವು. ಹಾಗಾದರೆ ತಪ್ಪು ಕೈಯದಲ್ಲ. ಗುರಿಪಟ್ಟಿ ನೋಡಿದೆ. ನಾಲ್ಕು ಗೆರೆಗಳ ನಡುವಿನ ಮೂರು ಅಂತರವೂ ಅಚ್ಚು ಹಾಕಿದಂತೆ ಒಂದೇ ಸಮ ಇದ್ದವು. ಹಿಂದಿನ ಸಂಜೆ ಅದರ ಚೆಂದ ನೋಡಿದ್ದೆನೇ ಹೊರತು ಇದನ್ನು ಗಮನಿಸಿರಲಿಲ್ಲ.

ಪ್ರೇಕ್ಷಕರನ್ನು ತಡೆಯಲು ಕಟ್ಟಿದ್ದ ಹಗ್ಗದಾಚೆ ಅಪ್ಪಯ್ಯ ನಿಂತಿದ್ದ. ಹತ್ತು ಹೆಜ್ಜೆ ದೂರದಿಂದಲೇ ಕೇಳಿದೆ.

"ಅಪ್ಪಯ್ಯ, ನಾ ಗೆರೆ ಹಾಕಿದ್ ಜಾಗದಲ್ಲೇ ಕೊರೆದ್ಯಾ?"

"ಎಂತಕ್ಕೆ ಕೇಳ್ತಿ?"

"ಮೊದ್ಲು ಹೇಳು."

"ನಿಂದು ಒಂದಕ್ಕೊಂದು ತಾಳೆ ಇರ್ಲಿಲ್ಲ ಮಾರಾಯ್ತಿ. ಮೇಲಿಂದು, ಕೆಳಗಿಂದು ಹಂಗೇ ಬಿಟ್ಟೆ. ನಡುವಿಂದೆರಡು ಸಮ ಮಾಡ್ದೆ. ಸೊಟ್ಟ ಇದ್ರೆ ನೋಡಿದೋರು ಯಾರ ಕೆಲ್ಸ ಇದು ಅಂತ ಕೇಳಲ್ವಾ?"

"ಅದು ಸಮ ಇರ್ಬಾರ್ದು. ದೂರ ಹೋದಂಗೆ ಬಾಣ ಜಾಸ್ತಿ ಇಳಿಯತ್ತೆ. ನನ್ನ ಗೆರೆ ಸರಿ ಇತ್ತು ಅಪ್ಪಯ್ಯ."

ಅಪ್ಪಯ್ಯ ಹಗ್ಗ ಎತ್ತಿ ಒಳಗೆ ಬರಲು ನೋಡಿದ. ತೀರ್ಪುಗಾರರಾಗಿದ್ದ ಹಿರಿಯ ಮೇಷ್ಟ್ರೊಬ್ಬರು ತಡೆದರು.

"ಯಜಮಾನ್ರೇ, ಹಗ್ಗದಿಂದ ಆಚೆ. ಹೊರಗಿನೋರು ಬಿಲ್ಲು ಮುಟ್ಟೋ ಹಾಗಿಲ್ಲ."

"ಮಾತಾಡ್ಬಹುದಾ ಸ್ವಾಮಿ?"

"ಮಾತಿಗೆ ತೆರಿಗೆ ಇಲ್ಲ. ಬೇಗ ಮುಗ್ಸಿ."

ಅಪ್ಪಯ್ಯ ಹಗ್ಗ ಹಿಡಿದುಕೊಂಡು ಎಲ್ಲರಿಗೂ ಕೇಳುವ ದನಿಯಲ್ಲಿ ಹೇಳಿದ: "ತಪ್ಪು ನಂದು. ನಿನ್ನ ಗೆರೆ ಇದ್ದ ಕಾಗದ ಕೀಳೋ ಮುಂಚೆ ಎಷ್ಟು ಸೊಟ್ಟ ಇದೆ ಅಂತ ಕೈವಾರ ಇಟ್ಟು ನೋಡಿದ್ದೆ. ನಲವತ್ತರದ್ದು, ನಾ ಕೊರೆದಿದ್ದಕ್ಕಿಂತ ಒಂದು ನೂಲು ಮೇಲಿತ್ತು. ಪೂರ್ತಿ ಒಂದು ನೂಲಲ್ಲ. ಕೂದಲೆಳೆ ಕಮ್ಮಿ."

"ಮೂವತ್ತರದ್ದು?"

"ಅದು ಪೂರ್ತಿ ಒಂದು ನೂಲು."

ನೂಲು ಎಂದರೆ ಅಂಗುಲದ ಎಂಟನೇ ಒಂದು ಪಾಲು. ಮರಗೆಲಸದವರ ಅಳತೆ. ನನ್ನ ಹತ್ತಿರ ಅಳತೆಪಟ್ಟಿ ಇರಲಿಲ್ಲ, ಕೇಳಲು ಸಮಯವೂ ಇರಲಿಲ್ಲ. ಆದರೆ ಏಳನೇ ವಯಸ್ಸಿನಿಂದ ನಾನು ಅಪ್ಪಯ್ಯನ ಎದುರು ಕುಳಿತು ಗಂಧದ ತುಂಡುಗಳ ಮೇಲೆ ನಕ್ಷೆ ಬರೆದುಕೊಟ್ಟವಳು. ನೂಲು ತಪ್ಪಿದರೆ ಮಾತಿಲ್ಲದೆ ತುಂಡು ನನ್ನ ಕಡೆಗೆ ವಾಪಸು ಬರುತ್ತಿತ್ತು. ತಿರುಪು ಸಡಿಲಿಸಿ, ಗೆರೆಯ ಮೇಲೆ ಹೆಬ್ಬೆರಳಿನ ಉಗುರು ಇಟ್ಟು, ಮೊಳೆಯನ್ನು ಒಂದು ನೂಲಿಗೆ ಕೂದಲೆಳೆ ಕಡಿಮೆ ಇರುವಷ್ಟು ಮೇಲೆ ಸರಿಸಿದೆ. ಬಿಗಿ ಮಾಡಿದೆ.

"ಬಾಗಿಲ ಚೌಕಟ್ಟು ಅಳ್ದಾಯ್ತಾ?" ಎಂದ ಸೈನಿಕ.

"ಆಯ್ತು. ಇನ್ನು ಕೂರ್ಸೋದೊಂದೇ ಬಾಕಿ" ಎಂದೆ. ಆ ದಿನ ಅವನಿಗೆ ನಾನು ಕೊಟ್ಟ ಮೊದಲ ಉತ್ತರ ಅದು.

ಮೊದಲ ಬಾಣ ಹಳದಿಯಲ್ಲಿ ಕೂತಿತು. ಎರಡನೆಯದು ಅದರ ಪಕ್ಕದಲ್ಲೇ. ಮೂರನೆಯದು ಹಳದಿ ಕೆಂಪಿನ ನಡುವಿನ ಗೆರೆಗೆ ತಾಗಿತು. ತೀರ್ಪುಗಾರರು ಹಲಗೆಯ ಹತ್ತಿರ ಬಗ್ಗಿ ನೋಡಿ, ಅಂಕ ಬರೆಯುವ ಮೊದಲು ಹಗ್ಗದ ಕಡೆ ಒಮ್ಮೆ ತಿರುಗಿದರು. ಅಪ್ಪಯ್ಯ ನನ್ನನ್ನು ನೋಡುತ್ತಿರಲಿಲ್ಲ, ಹಲಗೆಯನ್ನು ನೋಡುತ್ತಿದ್ದ.

ಉಳಿದ ಸರದಿಗಳಲ್ಲಿ ಒಬ್ಬೊಬ್ಬರನ್ನೇ ದಾಟುತ್ತ ಬಂದೆ. ಮೂವತ್ತಕ್ಕೆ ಅಪ್ಪಯ್ಯ ಹೇಳಿದಂತೆ ಪೂರ್ತಿ ಒಂದು ನೂಲು ಮೇಲೆ ಇಟ್ಟೆ. ಹನ್ನೆರಡರಲ್ಲಿ ಎಂಟು ಬಾಣ ಹಳದಿಯಲ್ಲಿದ್ದವು. ಕೊನೆಗೆ ಸೈನಿಕ ಮೊದಲನೆಯವನಾದ, ನಾನು ಎರಡನೆಯವಳು. ಮೂರನೆಯವರಿಗೂ ನನಗೂ ಇದ್ದ ಅಂತರ ನಾಲ್ಕು ಅಂಕ. ಸೈನಿಕ ಅಪ್ಪಯ್ಯನ ಹತ್ತಿರ ಬಂದು, "ನಂಗೂ ಒಂದು ಇಂಥದ್ದು ಮಾಡ್ಕೊಡ್ತೀರಾ ಯಜಮಾನ್ರೇ?" ಎಂದು ಕೇಳಿದ. "ಮಾಡ್ಕೊಡ್ತೀನಿ. ಗೆರೆ ಮಾತ್ರ ನೀವೇ ಹಾಕ್ಕಂಡ್ ಬರ್ಬೇಕು" ಎಂದ ಅಪ್ಪಯ್ಯ.

ಮನೆಗೆ ಬಂದು ಸುದ್ದಿ ಹೇಳಿದಾಗ ಅಮ್ಮ, "ಸರಿ ಹಾಗಾದ್ರೆ, ಬೆಂಗ್ಳೂರಲ್ಲಿ ಉಳ್ಕಳೋದು ಎಲ್ಲಿ ಅಂತ ನೋಡಿ" ಎಂದಳು. ಅಲ್ಲಿ ನಾನು ಹನ್ನೊಂದನೆಯವಳಾದೆ. ಅದರ ಬಗ್ಗೆ ಬೇಸರವಿಲ್ಲ. ನನಗಿಂತ ಚೆನ್ನಾಗಿ ಹೊಡೆದವರು ಅಲ್ಲಿ ಹತ್ತು ಜನ ಇದ್ದರು.

ಮುಂದೆ ನಾನು ದಿನಪತ್ರಿಕೆಯೊಂದರಲ್ಲಿ ಬಹಳ ವರ್ಷ ಸುದ್ದಿ ತಿದ್ದುವ ಕೆಲಸ ಮಾಡಿದೆ. ತೀರ್ಥಹಳ್ಳಿಯ ಆ ಸ್ಪರ್ಧೆಯ ಸುದ್ದಿ ಆಗ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿತ್ತು. ಹೆಸರು, ಊರು, ಅಂಕ ಎಲ್ಲ ಸರಿಯಾಗಿದ್ದವು. ನನ್ನ ಕೈಗೆ ಬಂದಿದ್ದರೂ ನಾನು ಅಷ್ಟೇ ಉಳಿಸುತ್ತಿದ್ದೆ. ಆದರೆ ನೂಲು ತಪ್ಪದ ಕೆಲಸಕ್ಕೆ ಊರಿನಲ್ಲಿ ಹೆಸರಾದ ಒಬ್ಬ ಮನುಷ್ಯ ನೂರಾರು ಜನರ ಎದುರು ಹಗ್ಗ ಹಿಡಿದು ನಿಂತು "ತಪ್ಪು ನಂದು" ಎಂದದ್ದು, ಅದೇ ಉಸಿರಿನಲ್ಲಿ ಅದನ್ನು ಕೂದಲೆಳೆಯವರೆಗೆ ಲೆಕ್ಕ ಹಿಡಿದು ಸರಿ ಮಾಡಿದ್ದು ಆ ನಾಲ್ಕು ಸಾಲಿನಲ್ಲಿ ಇರಲಿಲ್ಲ. ನಾನು ಅವನ ಮಗಳು ಎಂದು ಆ ದಿನ ಮೈದಾನದಲ್ಲಿದ್ದ ಎಲ್ಲರಿಗೂ ಗೊತ್ತಾಗಿತ್ತು. ಅದನ್ನು ನೆನೆದರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ.