ಭಂಡಾರದವನ ಎದುರಿನ ಸೋಲು

ಕೃಷ್ಣೆಗೆ ಅಡ್ಡಲಾಗಿ ಚಿಕ್ಕಪಡಸಲಗಿಯ ಬಳಿ ರೈತರು ತಾವೇ ಕೂಡಿ ಕಟ್ಟಿದ ಬ್ಯಾರೇಜಿಗೆ ನನ್ನ ಮಾವನವರೂ ಕಲ್ಲು ಹೊತ್ತಿದ್ದರೆಂಬ ಮಾತನ್ನು ನಾನು ಎಂದೂ ಒಪ್ಪಿರಲಿಲ್ಲ. ಒಪ್ಪದಿರಲು ಕಾರಣಗಳಿದ್ದವು. ಬ್ಯಾರೇಜಿನ ಕೆಲಸ ಸುರುವಾಗುವ ಮುಂಚೆಯೇ ಚಕ್ಕಡಿಯ ಗಾಲಿ ಹಾಯ್ದು ಅವರ ಎಡಗಾಲು ಗಿಡ್ಡಾಗಿತ್ತು. ಆಮೇಲೆ ಅವರು ತುಂಬಿದ ಕೊಡವನ್ನು ತುಳುಕಿಸದೆ ಮನೆಗೆ ತಂದದ್ದನ್ನು ನಾನು ಕಂಡಿಲ್ಲ. ಅದೂ ಹೋಗಲಿ, ನಮ್ಮ ಜಮಖಂಡಿ ತಾಲೂಕಿನಲ್ಲಿ ಆ ಬ್ಯಾರೇಜಿಗೆ ಕಲ್ಲು ಹೊರದವನು ಒಬ್ಬನೂ ಇಲ್ಲ. ಚಹಾದಂಗಡಿಯಲ್ಲಿ ಕುಳಿತವರೆಲ್ಲ ಹೊತ್ತಿದ್ದಾರೆ; ಆ ಕಾಲಕ್ಕೆ ಮುಂಬಯಿಯಲ್ಲಿ ದುಡಿಯುತ್ತಿದ್ದವರೂ ಹೊತ್ತಿದ್ದಾರೆ. ಅವರು ಹೇಳುವ ಕಲ್ಲುಗಳನ್ನೆಲ್ಲ ಒಂದೆಡೆ ಹಾಕಿದ್ದರೆ ನದಿಯಲ್ಲಿ ಬ್ಯಾರೇಜಲ್ಲ, ಗುಡ್ಡ ಏಳಬೇಕಿತ್ತು. ರೈತರು ಕಟ್ಟಿದ್ದು ನಿಜ, ಅದರಲ್ಲಿ ನನಗೆ ಸಂಶಯವಿಲ್ಲ. ನನ್ನ ಸಂಶಯವೆಲ್ಲ ಹೊತ್ತವರ ಪಟ್ಟಿ ಬೆಳೆಯುತ್ತಲೇ ಇರುವುದರ ಬಗ್ಗೆ.

ಈ ಸ್ವಭಾವ ನನಗೆ ಕಸುಬಿನಿಂದ ಬಂದದ್ದು. ಸಾಲೆಯನ್ನು ಬೇಗ ಬಿಟ್ಟು ಜಮಖಂಡಿಯ ಪೇಟೆಯಲ್ಲಿ ರೇಡಿಯೊ ದುರಸ್ತಿಯ ಅಂಗಡಿ ಇಟ್ಟವನು ನಾನು; ಉಳಿದ ವಿದ್ಯೆಯೆಲ್ಲ ವಾಚನಾಲಯದ ಬೆಂಚಿನ ಮೇಲೆ ಕುಳಿತು ಗಳಿಸಿದ್ದು. ರೇಡಿಯೊ ತಂದ ಗಿರಾಕಿ ಪ್ರತಿಯೊಬ್ಬನೂ ಅದು ಬಿದ್ದಿಲ್ಲ, ನೀರು ತಾಗಿಲ್ಲ, ಯಾರೂ ಮುಟ್ಟಿಲ್ಲ, ತಾನಾಗಿಯೇ ನಿಂತಿತು ಎಂದೇ ಹೇಳುತ್ತಿದ್ದ. ಬಿಚ್ಚಿದರೆ ಒಳಗೆ ಜೋಳದ ಹಿಟ್ಟು ಇರುತ್ತಿತ್ತು. ಬಿಚ್ಚಿ ನೋಡದೆ ಯಾವ ಮಾತನ್ನೂ ನಂಬಬಾರದೆಂದು ಅಲ್ಲಿಯೇ ನಿಶ್ಚಯಿಸಿದೆ. ಅಂಗಡಿ ಮುಚ್ಚಿದ ಮೇಲೂ ಆ ನಿಶ್ಚಯವನ್ನು ಮುಚ್ಚಲಾಗಲಿಲ್ಲ.

ಪೋಕರ್ ಎಂಬ ಇಸ್ಪೀಟಿನ ಆಟ ನಮ್ಮ ಕಡೆ ಬಂದದ್ದು ಬನಹಟ್ಟಿಯ ಒಬ್ಬ ಸೀರೆ ವ್ಯಾಪಾರಿಯಿಂದ. ಆತ ಗೋವೆಗೆ ಹೋಗಿ ಬಂದವನು. ಅಲ್ಲಿ ನಡೆಯುವ ದೊಡ್ಡ ಪಂದ್ಯಕ್ಕೆ ನಮ್ಮವನೊಬ್ಬನನ್ನು ಕಳಿಸುವ ಹಂಬಲದಿಂದ ಒಂದು ಭಾನುವಾರ ಮುಧೋಳ, ಬೀಳಗಿ, ಜಮಖಂಡಿಗಳಲ್ಲಿ ಒಂದಾದ ಮೇಲೊಂದು ಸಣ್ಣ ಪಂದ್ಯ ಏರ್ಪಡಿಸಿದ. ಇವಕ್ಕೆ ಸ್ಯಾಟಲೈಟ್ ಎಂದು ಹೆಸರು. ಗೆದ್ದವನಿಗೆ ಹಣ ಸಿಗುವುದಿಲ್ಲ; ದೊಡ್ಡ ಪಂದ್ಯದಲ್ಲಿ ಕೂಡ್ರಲು ಒಂದು ಜಾಗ ಸಿಗುತ್ತದೆ. ಸೋತವನು ಮುಂದಿನ ಊರಿನಲ್ಲಿ ಮತ್ತೆ ಕೂಡ್ರಬಹುದು. ಆಟದ ಮೇಜನ್ನು ಟೆಂಪೊದಲ್ಲಿ ಹೇರಿಕೊಂಡು ಆಟಗಾರರನ್ನೂ ಅದರಲ್ಲೇ ತುಂಬಿಕೊಂಡು ಹೋಗುವುದೆಂದು ಗೊತ್ತಾಯಿತು. ಮೇಜಿಗೆ ಹಸಿರು ಬಟ್ಟೆ ಹಾಸಬೇಕೆಂಬುದು ಪದ್ಧತಿಯಂತೆ. ವ್ಯಾಪಾರಿ ತನ್ನ ಮಗ್ಗದ್ದೇ ಹಸಿರು ಸೀರೆಯೊಂದನ್ನು ಕತ್ತರಿಸಿ ಹಾಸಿದ್ದ. ಕೆಂಪು ಅಂಚು ಆಟಗಾರರ ಮೊಣಕೈ ಕೆಳಗೆ ಬರುತ್ತಿತ್ತು.

ನಾನು ಈ ಆಟವನ್ನು ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ, ಮುಖಪುಟ ಹರಿದ ಇಂಗ್ಲಿಷ್ ಪುಸ್ತಕವೊಂದರಿಂದ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಕಲಿತಿದ್ದೆ. ಪ್ರತಿಯೊಬ್ಬನಿಗೂ ಎರಡು ಎಲೆ ಗುಪ್ತವಾಗಿ, ನಡುವೆ ಎಲ್ಲರಿಗೂ ಸೇರಿ ಐದು ಎಲೆ ಬಯಲಾಗಿ. ಎಲೆ ಕೆಟ್ಟದ್ದಿದ್ದರೂ ಒಳ್ಳೆಯದಿದೆಯೆಂದು ತೋರಿಸಿ ಎದುರಿನವನನ್ನು ಹೆದರಿಸುವುದೇ ಆಟದ ಜೀವ ಎಂದು ಆ ಪುಸ್ತಕದಲ್ಲಿತ್ತು. ಮನುಷ್ಯರ ಬಗ್ಗೆ ನಾನು ಓದಿದ ಪುಸ್ತಕಗಳಲ್ಲಿ ಮೊದಲ ಸಲ ಒಂದರೊಡನೆ ನನ್ನ ಅಭಿಪ್ರಾಯ ಪೂರ್ತಿ ಕೂಡಿತ್ತು.

ಹೊರಡುವ ಮುಂಚೆ ಹೆಂಡತಿ ಬಾಗಿಲಲ್ಲಿ ನಿಂತಳು. "ಗೆದ್ದ ಬಂದ್ರ ನಮ್ಮಪ್ಪನ ಕಲ್ಲಿನ ಸುದ್ದಿ ನಾ ಇನ್ನ ತಗಿಯಂಗಿಲ್ರಿ. ಸೋತ ಬಂದ್ರ, ಹೊರಗಿನವ್ರೊಬ್ರ ಮುಂದ ಊಟಕ್ಕ ಕುಂತು ನಿಮ್ಮ ಬಾಯಿಲೆ ಅನಬೇಕು, ಅವ್ರು ಕಲ್ಲ ಹೊತ್ತಿದ್ರು ಅಂತ."

ಒಪ್ಪಿದೆ. ಎಲ್ಲರೂ ಸುಳ್ಳು ಹೇಳುವ ಆಟದಲ್ಲಿ ಯಾರನ್ನೂ ನಂಬದವನು ಸೋಲುವುದು ಹೇಗೆ? ಅವಳ ಮುಖದಲ್ಲಿ ಮಾತ್ರ, ಸಾಲ ಕೊಟ್ಟವರ ಮುಖದಲ್ಲಿ ಇರುವಂಥ ಒಂದು ಸಮಾಧಾನವಿತ್ತು. ಆಗಲೇ ನಾನು ಅದನ್ನು ಬಿಚ್ಚಿ ನೋಡಬೇಕಿತ್ತು.

ಮುಧೋಳದಲ್ಲಿ ಖಾನಾವಳಿಯೊಂದರ ಮಹಡಿಯ ಮೇಲೆ ಮೇಜು ಹಾಕಿದರು. ನನ್ನ ಎದುರು ಕುಳಿತಾತ ಕುರಿ ಸಾಕಿದ ಮನೆತನದವ, ಬೀರೇಶ್ವರನ ಭಕ್ತ. ದೊಡ್ಡ ರುಮಾಲು, ಹಣೆಯ ತುಂಬ ಅರಿಸಿನದ ಭಂಡಾರ. ನನ್ನ ವಯಸ್ಸಿನವನೇ ಇರಬೇಕು. ಮಾತು ನನಗಿಂತ ಹೆಚ್ಚು. ಕೂತ ಕೂಡಲೆ ಎಲ್ಲರಿಗೂ ಒಂದು ಸಂಗತಿ ತಿಳಿಸಿದ: ಹಣೆಯ ಮೇಲೆ ಭಂಡಾರ ಇರುವ ತನಕ ಸುಳ್ಳು ಆಡುವಂತಿಲ್ಲ, ಇದು ತಮ್ಮ ಮನೆತನದ ನೇಮ. ಮೇಜಿನ ಸುತ್ತ ಇದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ನಾನು ಮನಸ್ಸಿನಲ್ಲೇ ನಕ್ಕೆ. ಪುಸ್ತಕದಲ್ಲಿ ಇದರ ಬಗ್ಗೆ ಒಂದು ಅಧ್ಯಾಯವೇ ಇತ್ತು, ಭಂಡಾರ ಎಂಬ ಶಬ್ದ ಮಾತ್ರ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ನನಗೆ ಎರಡು ರಾಜ ಬಂದವು. ಹಣದ ಬದಲು ಪಣಕ್ಕಿಡುವ ಬಿಲ್ಲೆಗಳನ್ನು ಮುಂದಿಟ್ಟೆ. ಕುರಿ ಯಜಮಾನ ತನ್ನ ಬಿಲ್ಲೆಗಳನ್ನೆಲ್ಲ ಎರಡೂ ಕೈಯಿಂದ ನಡುವೆ ತಳ್ಳಿ, ನೆರೆಯವನಿಗೆ ಹಾದಿ ಹೇಳುವಷ್ಟು ಸಹಜವಾಗಿ ಹೇಳಿದ: "ನನಗ ಎರಡೂ ಎಕ್ಕಾ ಬಂದಾವ್ರಿ. ನೀವ ಬಿಡೂದ ಛಲೋ."

ಎರಡು ಎಕ್ಕಾ ಬಂದವನು ಹೇಳಿಕೊಳ್ಳುತ್ತಾನೆಯೆ? ನಾನೂ ಎಲ್ಲ ಬಿಲ್ಲೆ ತಳ್ಳಿದೆ. ಆತ ಎಲೆ ತಿರುವಿದ. ಎರಡೂ ಎಕ್ಕಾ. ನಡುವಿನ ಐದು ಎಲೆಗಳೂ ನನ್ನ ನೆರವಿಗೆ ಬರಲಿಲ್ಲ. ಮೇಜಿನಿಂದ ಎದ್ದವರಲ್ಲಿ ನಾನೇ ಮೊದಲಿಗ.

ಎದ್ದು ಹಿಂದೆ ನಿಂತು ನೋಡಿದಾಗ ಒಂದು ವಿಚಿತ್ರ ಕಂಡಿತು. ಒಳ್ಳೆಯ ಎಲೆ ಬಂದಾಗಲೆಲ್ಲ ಆತ ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದ. ಉಳಿದವರು ಆತನನ್ನು ನಂಬಿ ಎಲೆ ಬಿಟ್ಟುಕೊಡುತ್ತಿದ್ದರು. ಹೀಗಾಗಿ ಒಳ್ಳೆಯ ಎಲೆಯಿಂದ ಆತನಿಗೆ ಏನೂ ಗಿಟ್ಟುತ್ತಿರಲಿಲ್ಲ; ಕೆಟ್ಟ ಎಲೆಯಿಂದ ಹೆದರಿಸಲು ನೇಮ ಬಿಡುತ್ತಿರಲಿಲ್ಲ. ನನ್ನಿಂದ ಗಳಿಸಿದ್ದೆಲ್ಲ ಹಾಗೆಯೇ ಕರಗಿ, ಆತನೂ ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತ. ಜಾಗ ಬೇರೆ ಯಾರಿಗೋ ಹೋಯಿತು.

ಬೀಳಗಿಗೆ ಹೋಗುವ ಹಾದಿಯಲ್ಲಿ, ಲೋಕಾಪುರದಲ್ಲಿ ಚಹಾ ಕುಡಿಯುವಾಗ ಆತ ನನಗೆ ಬುದ್ಧಿ ಹೇಳಿದ. "ನಂದೊಂದ ಮಾತ ನಂಬಿದ್ರ ಇಷ್ಟೊತ್ತಿಗೆ ನೀವ ಗೆದ್ದಿರತಿದ್ರಿ." ಒಂದು ಸಲ ನಿಜ ಹೇಳಿ ಹತ್ತು ಸಲ ಮೋಸ ಮಾಡುವುದು ಹಳೆಯ ತಂತ್ರವೆಂದು ನಾನು ಉತ್ತರಿಸಿದೆ. ಆತ ಅದಕ್ಕೆ ಬೇಸರಪಡದೆ ನನ್ನ ಚಹಾದ ಕಪ್ಪನ್ನು ತಾನೇ ಒಯ್ದಿಟ್ಟು ಬಂದ.

ಬೀಳಗಿಯಲ್ಲಿ ಗೊಬ್ಬರದ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಟ. ಅಲ್ಲಿನ ನನ್ನ ಸೋಲನ್ನು ವಿವರಿಸಿ ಹೇಳುವ ಉತ್ಸಾಹ ನನಗಿಲ್ಲ. ನಡುವೆ ಮೂರು ಕೆಂಪು ಆಟಿನ್ ಎಲೆ ಬಿದ್ದಿದ್ದವು; ಒಂದೇ ಜಾತಿಯ ಐದು ಕೂಡಿದರೆ ಅದು ದೊಡ್ಡ ಕೈ. ಕುರಿ ಯಜಮಾನ ತನ್ನ ಕೈಯಲ್ಲಿ ಮತ್ತೆರಡು ಆಟಿನ್ ಇವೆಯೆಂದ. ಹೇಳುವ ಮುಂಚೆ ತನ್ನ ಎಲೆಗಳನ್ನು ಇನ್ನೊಮ್ಮೆ ಎತ್ತಿ ನೋಡಿದ್ದ. ಇದ್ದವನು ಮತ್ತೆ ಯಾಕೆ ನೋಡುತ್ತಾನೆಂದು ತರ್ಕಿಸಿ ಬಿಲ್ಲೆ ತಳ್ಳಿದೆ. ಇದ್ದವು. ಮತ್ತೆ ಯಾಕೆ ನೋಡಿದನೆಂದು ಕೇಳಿದ್ದಕ್ಕೆ, ಎಲೆ ಚಂದ ಇದ್ದವು, ಅದಕ್ಕೆ ನೋಡಿದೆ ಎಂದ. ಅಲ್ಲಿಯೂ ಜಾಗ ಆತನಿಗೆ ಸಿಗಲಿಲ್ಲ. ಎಲ್ಲರ ನಡುವೆ ಆತನಿಗೆ ಅನ್ನ ನಾನೊಬ್ಬನೇ ಎಂಬುದು ಈಗ ಟೆಂಪೊದಲ್ಲಿದ್ದವರಿಗೆಲ್ಲ ತಿಳಿದಿತ್ತು. ಸೀರೆ ವ್ಯಾಪಾರಿ ಅದನ್ನು ಹೇಳಿ ನಗಿಸಿದ, ನಾನು ನಗಲಿಲ್ಲ.

ಬೀಳಗಿ ಬಿಟ್ಟ ಮೇಲೆ ಆಲಮಟ್ಟಿಯ ಹಿನ್ನೀರಿನ ಅಂಚಿನಲ್ಲಿ ಟೆಂಪೊ ನಿಂತಿತು, ಇಂಜಿನ್ನು ಕಾದಿತ್ತು. ಎಲ್ಲರೂ ಇಳಿದರು. ಆಟಗಾರರಲ್ಲಿ ಆ ಕಡೆಯವನೊಬ್ಬ ನೀರಿನ ನಡುವೆ ಕೈ ತೋರಿಸಿ, ಅಲ್ಲಿ ತಮ್ಮ ಎರಡಂತಸ್ತಿನ ಮನೆ ಮುಳುಗಿದೆಯೆಂದ. ಇದೇ ಮನುಷ್ಯ ಹಿಂದೊಮ್ಮೆ ನನ್ನ ಅಂಗಡಿಯಲ್ಲಿ ಹೇಳಿದಾಗ ಆ ಮನೆಗೆ ಒಂದೇ ಅಂತಸ್ತು ಇತ್ತು. ಅವರ ನಷ್ಟವನ್ನು ನಾನು ಸಂಶಯಿಸಲಿಲ್ಲ, ಯಾರಿಗೂ ಆ ಅಧಿಕಾರವಿಲ್ಲ. ಮಹಡಿಯ ಬಗ್ಗೆ ಮಾತ್ರ ಕೇಳಿದೆ. ಮಹಡಿಯ ಚರ್ಚೆ ಬಿಸಿಯಾಗಿದ್ದಾಗ ಕುರಿ ಯಜಮಾನ ನೀರಿಗಿಳಿದು ಕೈಕಾಲು ಮುಖ ತೊಳೆದುಕೊಂಡು, ರುಮಾಲಿನ ಸೆರಗಿನಿಂದ ಒರೆಸಿಕೊಳ್ಳುತ್ತ ಮೇಲೆ ಬಂದ. ನಾನು ಅದನ್ನು ನೋಡಿದೆ. ನೋಡಿದೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ.

ಜಮಖಂಡಿಯ ಹಳೆಯ ಅರಳೆ ಗೋದಾಮಿನಲ್ಲಿ ಕೊನೆಯ ಆಟ. ಬಿಸಿಲು ಇಳಿಯುತ್ತ ಬಂದಂತೆ ಒಬ್ಬೊಬ್ಬರೇ ಎದ್ದರು. ಉಳಿದವರು ನಾವಿಬ್ಬರೇ: ನಾನು ಮತ್ತು ಆತ. ಬಿಲ್ಲೆಗಳು ಹೆಚ್ಚು ಕಡಿಮೆ ಸಮ. ಇದೊಂದು ಗೆದ್ದರೆ ಮಾವನವರ ಕಲ್ಲು ನಮ್ಮ ಮನೆಯಲ್ಲಿ ಮತ್ತೆ ಏಳುವಂತಿರಲಿಲ್ಲ.

ನನಗೆ ಎರಡು ರಾಣಿ ಬಂದವು. ಅರ್ಧಕ್ಕಿಂತ ಹೆಚ್ಚು ಬಿಲ್ಲೆ ಮುಂದಿಟ್ಟೆ. ಆತ ಎಲ್ಲವನ್ನೂ ತಳ್ಳಿದ.

"ಎರಡೂ ರಾಜಾ ಅದಾವ್ರಿ, ಯಜಮಾನ್ರ. ಈ ಸಲನರ ಬಿಡ್ರಿ."

ನಾನು ನನ್ನ ಎಲೆಗಳನ್ನು ಇನ್ನೊಮ್ಮೆ ಎತ್ತಿ ನೋಡಿದೆ. ಬೆಳಗಿನಿಂದ ಈ ಮನುಷ್ಯ ಹೇಳಿದ ಮಾತು ಒಂದೂ ಸುಳ್ಳಾಗಿರಲಿಲ್ಲ. ಪುರಾವೆಯ ಎದುರು ಹಟ ಹಿಡಿಯುವವನನ್ನು ನಾನೇ ಮೂಢ ಎಂದು ಬೈದವನು. ಆದ್ದರಿಂದ, ನನ್ನ ಬಾಳಿನಲ್ಲಿ ಮೊದಲ ಸಲ, ಎದುರಿನವನ ಮಾತನ್ನು ಬಿಚ್ಚಿ ನೋಡದೆ ನಂಬಿ, ಎರಡೂ ರಾಣಿಯರನ್ನು ಬೋರಲು ಹಾಕಿದೆ.

ಆತ ತನ್ನ ಎಲೆ ತೆರೆದಿಟ್ಟ. ಒಂದು ಏಳು, ಒಂದು ಎರಡು. ಈ ಆಟದಲ್ಲಿ ಇದಕ್ಕಿಂತ ದರಿದ್ರ ಜೋಡಿ ಇಲ್ಲವೆಂದು ಪುಸ್ತಕದಲ್ಲಿದೆ.

ನಿನ್ನ ಭಂಡಾರ ಏನಾಯಿತೆಂದು ಕೇಳಿದೆ.

"ಹಿನ್ನೀರಾಗ ಮಾರಿ ತೊಳ್ಕೊಂಡ್ನಲ್ರಿ. ನೀವ ನಿಂತ ನೋಡಾಕತ್ತಿದ್ರಿ."

ಹಣೆಯನ್ನು ನೋಡಿದೆ. ಬರಿದಾಗಿತ್ತು. ಮುಂದಿನ ಸುತ್ತಿನಲ್ಲಿ ನನ್ನ ಉಳಿದ ಬಿಲ್ಲೆಗಳೂ ಹೋದವು. ಗೋವೆಯ ಜಾಗ ಆತನದಾಯಿತು.

ಸೋತ ಮೇಲೆ ಬುದ್ಧಿ ಚುರುಕಾಗುತ್ತದೆ. ಹೊರಗಿನವರೊಬ್ಬರ ಮುಂದೆ ಹೇಳಬೇಕೆಂದಲ್ಲವೆ ಕರಾರು? ನೆರೆಯವರನ್ನು ಕರೆದರೆ ನಾಳೆ ಪೇಟೆ ತುಂಬ ಸುದ್ದಿ. ಅದರ ಬದಲು ಈ ಸುಳ್ಳುಗಾರನನ್ನೇ ಕರೆದೊಯ್ದರೆ ಸಾಕ್ಷಿಯ ಬೆಲೆ ಅರ್ಧವಾದರೂ ಇಳಿದೀತು. ಆತನ ಬಸ್ಸಿಗೆ ಇನ್ನೂ ಹೊತ್ತಿತ್ತು. ಊಟಕ್ಕೆ ಕರೆದೆ, ಬಂದ.

ಹೆಂಡತಿ ನಮ್ಮಿಬ್ಬರ ಮುಖ ನೋಡಿ, ಏನೂ ಕೇಳದೆ ರೊಟ್ಟಿ ಬಡಿಯಲು ಕುಳಿತಳು. ತಾಟು ಬಂದ ಮೇಲೆ ನಾನು ಗಂಟಲು ಸರಿಮಾಡಿಕೊಂಡು, ನನ್ನ ಮಾವನವರು ಚಿಕ್ಕಪಡಸಲಗಿಯ ಬ್ಯಾರೇಜಿಗೆ ಕಲ್ಲು ಹೊತ್ತಿದ್ದರು ಎಂದು ಸ್ಪಷ್ಟವಾಗಿ ಹೇಳಿದೆ.

"ನಂಬಿ ಅಂದ್ರ್ಯೋ, ಸೋತ ಅಂದ್ರ್ಯೋ?" ಎಂದಳು.

ಕರಾರಿನಲ್ಲಿ ಹೇಳುವುದಷ್ಟೇ ಇತ್ತು, ನಂಬುವುದು ಇರಲಿಲ್ಲವೆಂದೆ. ರೊಟ್ಟಿ ಬಡಿಯುವ ಸದ್ದು ನಿಂತಿತು. ನಾನು ಎಣಿಸಿದ್ದಕ್ಕಿಂತ ಆ ಮಾತು ಅವಳಿಗೆ ಹೆಚ್ಚಿನದಾಗಿತ್ತೆಂದು ಆಗ ತಿಳಿಯಿತು.

ಅತಿಥಿ ಮಾತ್ರ ತುತ್ತು ಬಿಟ್ಟು ಅವಳ ತವರೂರು ಯಾವುದೆಂದು ಕೇಳಿದ. ಹೇಳಿದಳು. ತನ್ನದು ಅದರ ಮಗ್ಗುಲಿನ ಊರೇ ಎಂದ. ತಂದೆಯವರ ಎಡಗಾಲು ಗಿಡ್ಡ ಇತ್ತೆ ಎಂದು ಕೇಳಿದ. ಅವಳು ಹೌದೆಂದಳು. ದಿನವಿಡೀ ಎಲ್ಲರನ್ನೂ ಎಲ್ಲವನ್ನೂ ಕೇಳಿದ ನಾನು, ಈ ಮನುಷ್ಯನಿಗೆ ಯಾವ ಊರೆಂದು ಕೇಳಿರಲಿಲ್ಲ.

ಆತ ಎದ್ದು ಕೈ ತೊಳೆದು, ನಡುವಿಗೆ ಸಿಕ್ಕಿಸಿದ್ದ ಪುಟ್ಟ ಚೀಲ ಬಿಚ್ಚಿ, ಚಿಟಿಕೆ ಭಂಡಾರ ತೆಗೆದು ಹಣೆಗೆ ಬಳಿದುಕೊಂಡ. ಬಳಿದ ಮೇಲೆ ನನ್ನ ಕಡೆ ತಿರುಗಿ, ಈ ಸಲ ಚೆನ್ನಾಗಿ ನೋಡಿಕೊಳ್ಳಲೆಂದು ಹಣೆಯನ್ನು ದೀಪಕ್ಕೆ ಹಿಡಿದ.

"ಅವ್ರು ಕಲ್ಲ ಹೊತ್ತಿಲ್ಲವ್ವ," ಎಂದು ಅವಳಿಗೆ ಹೇಳಿದ. "ಕಲ್ಲಿನ ರಾಶಿ ಮ್ಯಾಲ ಕುಂತು ಹೊರಿಸ್ತಿದ್ರು. ನನ್ನ ತಲಿ ಮ್ಯಾಲ ಕಲ್ಲ ಎತ್ತಿಟ್ಟವ್ರ ಅವ್ರು. ಅವ್ರ ಕೈ ಹತ್ತದ ಹೋದ ಕಲ್ಲ ಬ್ಯಾರೇಜಿನ ಆ ದಂಡಿ ಕಡಿ ಒಂದೂ ಇಲ್ಲ."

ಅಂದರೆ ಇಷ್ಟು ಕಾಲ ನಾನು ಸರಿ ಇದ್ದೆ. ಇದನ್ನು ಗಟ್ಟಿಯಾಗಿ ಹೇಳಲು ಬಾಯಿ ತೆರೆದವನು, ಹೆಂಡತಿಯ ಮುಖ ನೋಡಿ ಆ ಬಾಯಿಗೆ ರೊಟ್ಟಿ ಇಟ್ಟುಕೊಂಡೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ನಗುತ್ತಿದ್ದಳು. ಒಂದು ಕಲ್ಲು ಕೇಳಿದವಳಿಗೆ ಆ ದಂಡೆಯ ಎಲ್ಲ ಕಲ್ಲುಗಳೂ ಸಿಕ್ಕಿದ್ದವು.

"ಈಗ ಇನ್ನೊಮ್ಮೆ ಅನ್ರಿ," ಎಂದಳು.

ಅಂದೆ. ಆತ ಹೇಳಿದಂತೆಯೇ, ಒಂದಕ್ಷರ ಬಿಡದೆ. ಈ ಸಲ ನಂಬಿ ಅಂದಿರೋ ಎಂದು ಅವಳು ಕೇಳಲಿಲ್ಲ. ಬಿಸಿ ರೊಟ್ಟಿಯೊಂದನ್ನು ತಾಟಿಗೆ ಹಾಕಿದಳು. ಆ ಕಲ್ಲುಗಳು ಎಷ್ಟು ದಪ್ಪ ಇದ್ದವೆಂದು ಮಾತ್ರ ನಾನು ಅತಿಥಿಯನ್ನು ಕೇಳಿದೆ. ಆತ ಕೈಗಳನ್ನು ಅಗಲಿಸಿ ತೋರಿಸತೊಡಗಿದ. ಕೈಗಳು ಇನ್ನೂ ಅಗಲಾಗುತ್ತಲೇ ಇದ್ದಾಗ ನಾನು ಆತನ ಹಣೆಯತ್ತ ನೋಡಿದೆ. ಭಂಡಾರ ಇತ್ತು. ಕೈಗಳು ಅಲ್ಲಿಗೇ ನಿಂತು, ಸ್ವಲ್ಪ ಹಿಂದೆ ಬಂದವು.