ಸಾವೆಲಿಯ ಹಿಡಿ ಮಣ್ಣು

ಗ್ಲಫೀರಾ ನಮ್ಮ ಸಾಮೂಹಿಕ ಜಮೀನಿನಲ್ಲಿ ಹಾಲು ಕರೆಯುವಾಕೆ. ಹದಿನಾಲ್ಕು ಹಸು, ದಿನಕ್ಕೆ ಮೂರು ಸಲ. ಗಂಡ ಸಾವೆಲಿ ಸತ್ತಾಗ, ದೇವರನ್ನೊಪ್ಪದ ಸರ್ಕಾರ ನಮ್ಮ ಚರ್ಚನ್ನು ಗೋಧಿಯ ಗೋದಾಮು ಮಾಡಿತ್ತು. ಪಾದ್ರಿ ಎಂಬತ್ತು ಕಿಲೋಮೀಟರು ದೂರ. ಪ್ರಾರ್ಥನೆಯಿಲ್ಲದೆ ಹೂತವರಿಗೆ ನಮ್ಮಲ್ಲಿ ಒಂದು ದಾರಿಯಿದೆ. ಗೋರಿಯಿಂದ ಹಿಡಿ ಮಣ್ಣು ತೆಗೆದು, ಅದರ ಮುಂದೆ ಪಾದ್ರಿಯಿಂದ ಸತ್ತವರ ಹೆಸರು ಹಿಡಿದು ಹಾಡಿಸಿ, ಮರಳಿ ಗೋರಿಗೆ ಸುರಿಯಬೇಕು. ಗ್ಲಫೀರಾ ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿ ದೇವರ ಪಟದ ಹಿಂದಿಟ್ಟಳು. ಹಸುಗಳು ರಜೆ ಕೊಡಲಿಲ್ಲ. ಮಣ್ಣು ಹನ್ನೊಂದು ವರ್ಷ ಅಲ್ಲೇ ಕೂತಿತು.

ಆಮೇಲೆ ಮಾಸ್ಕೋದಿಂದ ಸಿನಿಮಾದವರು ಬಂದರು. ಭಕ್ತೆಯೊಬ್ಬಳು ಟ್ರ್ಯಾಕ್ಟರ್ ಚಾಲಕನನ್ನು ಪ್ರೀತಿಸಿ ದೇವರನ್ನು ಬಿಡುವ ಕಥೆ. ದೇವರಿಲ್ಲವೆಂದು ತೋರಿಸಲು ಗೋಧಿ ಹೊರಹಾಕಿ, ಚರ್ಚು ತೊಳೆದು, ಮೇಣದಬತ್ತಿ ಹಚ್ಚಿದರು. ಮೂವತ್ತು ವರ್ಷಗಳಲ್ಲಿ ದೇವರಿಗೆ ಅಷ್ಟು ಸೇವೆ ಯಾರೂ ಮಾಡಿರಲಿಲ್ಲ. ಪಾದ್ರಿಯ ವೇಷದ ನಟ ನಮ್ಮೂರ ಕಳ್ಳಭಟ್ಟಿ ಕುಡಿದು ಮಲಗಿಬಿಟ್ಟ. ಅವನಿಗೆ ಹೇಳಿಕೊಡಲು ಕರೆತಂದಿದ್ದ ನಿಜವಾದ ಮುದಿ ಪಾದ್ರಿ ಅವೆರ್ಕಿಯನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದರು. ದೃಶ್ಯ, ಹುಡುಗಿಯ ಅಜ್ಜ ನಿಕೊಲಾಯ್‌ನ ಅಂತ್ಯಕ್ರಿಯೆ. ವೋಡ್ಕಾ ಕೊಡುತ್ತೇವೆಂದರೂ ಶವಪೆಟ್ಟಿಗೆಯಲ್ಲಿ ಮಲಗಲು ಊರಿನ ಒಬ್ಬ ಮುದುಕನೂ ಒಪ್ಪದೆ, ಹುಲ್ಲು ತುಂಬಿ ಮುಚ್ಚಳ ಹಾಕಿದರು.

“ಖಾಲಿ ಪೆಟ್ಟಿಗೆ ಮುಂದೆ ನಾನು ಹಾಡಲ್ಲ. ಪಾಪ,” ಎಂದು ಅವೆರ್ಕಿ ಹಟ ಹಿಡಿದರು.

ಗ್ಲಫೀರಾ ಹತ್ತಿರ ಬಂದು ಪಿಸುಗುಟ್ಟಿದಳು: “ಖಾಲಿ ಇಲ್ಲ ಸ್ವಾಮೇರೇ. ಹುಲ್ಲೊಳಗೆ ನಮ್ಮನೆಯವ್ರ ಮಣ್ಣು ಇಟ್ಟಿದೀನಿ. ಹೆಸರು ಸಾವೆಲಿ. ನಂಗೆ ಹಸು ಕರೆಯೋ ಹೊತ್ತಾಯ್ತು.”

ಹೇಳಿದವಳೇ ಓಡಿದಳು. ನಾನು ಊರ ಕ್ಲಬ್ಬಿನಲ್ಲಿ ಸಿನಿಮಾ ಓಡಿಸುವವನು. ಅಂದು ದೀಪ ಹಿಡಿದು ಪಕ್ಕದಲ್ಲೇ ಇದ್ದೆ. ಎರಡು ನಿಮಿಷದ ದೃಶ್ಯಕ್ಕೆ ಅವೆರ್ಕಿ ಮುಕ್ಕಾಲು ಗಂಟೆ ಹಾಡಿದರು.

“ನಿಕೊಲಾಯ್ ಕಣ್ರೀ, ನಿಕೊಲಾಯ್! ಸಾವೆಲಿ ಯಾರು?” ಎಂದು ನಿರ್ದೇಶಕ ಕೂಗಿದ.

“ಮತ್ತೆ ಮೊದಲಿಂದ ಹಾಡ್ಲಾ?”

“ಅಯ್ಯೋ, ಬೇಡಪ್ಪ! ಧ್ವನಿ ಆಮೇಲೆ ಸೇರಿಸ್ಕೋತೀವಿ.”

ಸಂಜೆ ಗ್ಲಫೀರಾ ಪೆಟ್ಟಿಗೆಯಿಂದ ಮಣ್ಣು ತೆಗೆದು ಸಾವೆಲಿಯ ಗೋರಿಗೆ ಸುರಿದಳು. ಮರುದಿನ ಅವಳು ಹಾಡಿಕೊಂಡು ಹಾಲು ಕರೆದಳು.

ಮುಂದಿನ ವರ್ಷ ಸಿನಿಮಾ ನಮ್ಮ ಕ್ಲಬ್ಬಿಗೆ ಬಂತು. ಪರದೆಯ ಮೇಲೆ ಅವೆರ್ಕಿ ಬಾಯಿ ತೆರೆದರು. ಯಾರದೋ ದಪ್ಪ ಧ್ವನಿ “ನಿನ್ನ ಸೇವಕ ನಿಕೊಲಾಯ್” ಎಂದಿತು. ಗ್ಲಫೀರಾ ಎದ್ದು ಹೊರಗೆ ಹೋದಳು. ಒಳಗೆ ಊರೆಲ್ಲ ಟ್ರ್ಯಾಕ್ಟರ್ ಪ್ರೇಮಕ್ಕೆ ಅಳುತ್ತಿತ್ತು. ಸಿನಿಮಾ ಮುಗಿದು ನಾನು ಬಂದಾಗ ಅವಳು ಮೆಟ್ಟಿಲ ಮೇಲೆ ಅಳುತ್ತಿದ್ದಳು.

“ಬೇರೆಯವನ ಹೆಸರು ಹೇಳಿದ ಮಣ್ಣನ್ನ ನಮ್ಮನೆಯವ್ರ ಮೇಲೆ ಸುರಿದ್ಬಿಟ್ನಲ್ಲೋ ಜಖಾರ್!”

“ಇಲ್ಲ ಗ್ಲಫೀರಾ ಅತ್ತೆ, ಸಾವೆಲಿ ಅಂತಾನೇ ಅಂದ್ರು. ನಾನೇ ಕೇಳಿದೀನಿ.”

“ನೀನು ದೇವರಿಲ್ಲ ಅನ್ನೋ ಪಾರ್ಟಿಯವನು. ದೇವರ ವಿಷಯದಲ್ಲಿ ನಿನ್ನ ಮಾತು ನಂಬ್ಲಾ?”

ಅದೂ ನಿಜವೇ. ಮರುದಿನ ಮಧ್ಯಾಹ್ನ ಖಾಲಿ ಕ್ಲಬ್ಬಿನಲ್ಲಿ ಅವಳೊಬ್ಬಳನ್ನೇ ಕೂರಿಸಿ, ಧ್ವನಿ ಪೂರ್ತಿ ನಿಲ್ಲಿಸಿ ಆ ರೀಲು ಓಡಿಸಿದೆ. ಅವೆರ್ಕಿಯ ಮುಖ ಪರದೆ ತುಂಬ ಬಂತು. ಹೆಸರು ಬರುವ ಹೊತ್ತಿಗೆ ಗಡ್ಡದ ನಡುವೆ ಮೇಲಿನ ಹಲ್ಲು ಕೆಳದುಟಿಗೆ ತಾಗಿತು. ನಿಕೊಲಾಯ್ ಎನ್ನಲು ಹಲ್ಲು ತುಟಿಗೆ ತಾಗಬೇಕಿಲ್ಲ. ಸಾವೆಲಿ ಎನ್ನಲು ತಾಗಬೇಕು.

ಗ್ಲಫೀರಾಳ ತುಟಿಯೂ ಹಾಗೇ ಅಲ್ಲಾಡಿತು.

“ಇನ್ನೊಂದ್ಸಲ ಹಾಕು,” ಎಂದಳು.

ಆರು ಸಲ ಹಾಕಿದೆ. ಪಾರ್ಟಿಯವನಾದ ನಾನೂ ಕೊನೆಗೆ ಅವಳ ಜೊತೆ ತುಟಿ ಅಲ್ಲಾಡಿಸಿದೆ, ಸುಳ್ಳೇಕೆ ಹೇಳಲಿ. ಏಳನೆಯದಕ್ಕೆ ಕೈ ಹಾಕುವಾಗ ಅವಳು ಶಿಲುಬೆಯ ಗುರುತು ಮಾಡಿಕೊಂಡು ಎದ್ದಳು.

“ಸಾಕು ಬಿಡು. ಹಸು ಕಾಯ್ತಿರ್ತವೆ.”